ರೂಢಿ ದಾರಿಗೆ ಬೇಲಿ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಲ್ಲಿ ಚಿಕ್ಕಮ್ಮನ ಹುಳುಮನೆಗೆ ನಾನು ಹೋದಾಗ ಹುಳು ನಾಲ್ಕನೇ ಜ್ವರದಿಂದ ಎದ್ದು ಮೂರು ದಿನವಾಗಿತ್ತು. ರೇಷ್ಮೆ ಸಾಕಿದವರಿಗೆ ಆ ಮೂರನೇ ದಿನ ಎಂದರೇನೆಂದು ಗೊತ್ತು. ಸೊಪ್ಪು ಸುರಿದಷ್ಟೂ ಸಾಲದು, ಮನೆಯವರಿಗೆ ನಿದ್ದೆಯಿಲ್ಲ, ಇನ್ನು ನಾಲ್ಕು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದರೆ ಹುಳು ಹಣ್ಣಾಗಿ ಚಂದ್ರಿಕೆ ಹತ್ತುತ್ತದೆ. ಅಂಥ ಹೊತ್ತಿನಲ್ಲಿ ಹಾಸಿಗೆಯ ಅಂಚಿನಲ್ಲಿ ಹತ್ತಿಪ್ಪತ್ತು ಹುಳು ಮೇವು ಬಿಟ್ಟು ಅಲೆದಾಡುತ್ತಿದ್ದವು. ಗಿಣ್ಣು ಗಿಣ್ಣು ಊದಿಕೊಂಡು ಮೈ ಮಿರುಗುತ್ತಿತ್ತು. ಚಿಕ್ಕಮ್ಮ ಒಂದನ್ನು ಬೆರಳಲ್ಲಿ ಮುಟ್ಟಿದಳು, ಚರ್ಮ ಒಡೆದು ಹಾಲಿನಂಥ ದ್ರವ ಸೋರಿತು. ಹಾಲುತೊಂಡೆ.

ರೇಷ್ಮೆ ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಒಂದು ಲಿಂಕ್ ಹಾಕಿದ್ದರು. ಇದೇ ರೋಗದ ಬಗ್ಗೆ ತಿಳಿದವರೊಬ್ಬರು ಮಾತಾಡಿದ ಐದು ನಿಮಿಷದ ವಿಡಿಯೊ. ಚಿಕ್ಕಮ್ಮ ಲಿಂಕ್ ಒತ್ತಿದಳು. ಕ್ರೋಮ್ ತೆರೆಯಿತು, ಚಿತ್ರ ಮೂಡಿತು, ಮಾತು ಶುರುವಾಯಿತು. ನಾಲ್ಕು ಮಾತು ಕೇಳುವಷ್ಟರಲ್ಲಿ ಕೆಳಗಿನಿಂದ ಬಿಳಿ ಪರದೆಯೊಂದು ಮೇಲೆದ್ದು ಅರ್ಧ ಫೋನನ್ನು ನುಂಗಿತು. ವಿಡಿಯೊ ನೋಡಲು ಆ್ಯಪ್ ತೆರೆಯಿರಿ ಎಂದು ದೊಡ್ಡ ನೀಲಿ ಗುಂಡಿ. ಅದರ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಲಾಗಿನ್. ಮುಚ್ಚಲು ಗುಣಿಸು ಗುರುತನ್ನು ಹುಡುಕಿದಳು, ಇರಲಿಲ್ಲ.

‘ಇದ್ಯಾಕಪ್ಪ ಇಂಗಾಡ್ತದೆ? ಇವಾಗಷ್ಟೇ ಮಾತಾಡ್ತಿದ್ರು, ಬಾಯಿ ಮುಚ್ಚಿಬಿಟ್ರು’ ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು.

ನೀಲಿ ಗುಂಡಿ ಒತ್ತಿದರೆ ಪ್ಲೇಸ್ಟೋರ್ ತೆರೆಯಿತು. ಇನ್‌ಸ್ಟಾಲ್ ಒತ್ತಿದರೆ ಜಾಗ ಸಾಲದು ಎಂದಿತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಹೊಸದು ಕೊಂಡಾಗ ಅಮ್ಮನಿಗೆ ದಾಟಿಸಿದ ಫೋನು ಅದು, 32 ಜಿಬಿಯದು. ಅದರಲ್ಲಿ ಅರ್ಧದಷ್ಟು ಫೋನಿನದೇ ಸಾಫ್ಟ್‌ವೇರ್‌ಗೆ ಹೋಗಿದೆ. ಉಳಿದದ್ದರಲ್ಲಿ ವಾಟ್ಸ್ಆ್ಯಪ್, ಫೋನ್‌ಪೇ, ಮೊಮ್ಮಗಳು ಮೊದಲು ಹೆಜ್ಜೆ ಇಟ್ಟಾಗಿನ ವಿಡಿಯೊ, ತೀರಿಕೊಂಡ ಚಿಕ್ಕಪ್ಪನ ದನಿ ಇರುವ ಮೂರು ವಾಯ್ಸ್ ಮೆಸೇಜ್. ‘ಯಾವುದನ್ನ ತೆಗೀಲಿ, ನೀನೇ ಏಳು’ ಎಂದಳು. ಹುಳುವಿಗೆ ಸುಣ್ಣ ಚೆಲ್ಲಬೇಕೋ ಬೇಡವೋ, ಎಷ್ಟು ಚೆಲ್ಲಬೇಕು ಎಂಬ ಮಾತು ಕೇಳುವುದಕ್ಕೆ ಸತ್ತ ಗಂಡನ ದನಿ ಅಳಿಸಬೇಕೆ?

ಇದನ್ನು ಚಿಕ್ಕಬಳ್ಳಾಪುರದ ಗೆಳೆಯರ ಮುಂದೆ ಹೇಳಿದೆ. ಒಬ್ಬರು ಮೇಷ್ಟ್ರು, ಒಬ್ಬರು ಬ್ಯಾಂಕಿನವರು, ಒಬ್ಬರು ಹೂವಿನ ವ್ಯಾಪಾರದವರು. ಮೂವರೂ ಒಳ್ಳೆಯವರು, ಮೂವರದ್ದೂ ಒಂದೇ ಮಾತು: ‘ಒಂದು ಆ್ಯಪ್ ಹಾಕ್ಕೊಂಡ್ರೆ ಮುಗೀತಲ್ಲ! ದುಡ್ಡೇನೂ ಕೇಳೋದಿಲ್ಲ. ಅವರ ಕಂಪನಿ, ಅವರಿಷ್ಟ. ಇವತ್ತು ಯಾರ ಹತ್ರ ಸ್ಮಾರ್ಟ್‌ಫೋನ್ ಇಲ್ಲ ಹೇಳಿ.’ ಈ ಮಾತನ್ನು ಎಲ್ಲ ಕಡೆಯೂ ಕೇಳುತ್ತಿದ್ದೇನೆ. ಪತ್ರಕರ್ತರು ಹೇಳುತ್ತಾರೆ, ಅಧಿಕಾರಿಗಳು ಹೇಳುತ್ತಾರೆ, ಕಂಪ್ಯೂಟರ್ ಓದಿದ ಹುಡುಗರು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಾರೆ. ನಾಡಿನ ಬುದ್ಧಿವಂತರೆಲ್ಲ ಒಪ್ಪಿ ಕೂತ ಈ ಮಾತು ತಪ್ಪು. ಅದರ ಒಂದೊಂದು ತುಂಡೂ ತಪ್ಪು.

ಮೊದಲು ತಂತ್ರಜ್ಞಾನದ ಮಾತು ಮುಗಿಸುತ್ತೇನೆ, ಅದು ಸುಲಭ. ಮೊಬೈಲ್ ಬ್ರೌಸರ್‌ಗೆ ಇದೆಲ್ಲ ಆಗುವ ಕೆಲಸವಲ್ಲ, ಅದಕ್ಕೇ ಆ್ಯಪ್ ಬೇಕು ಎಂದು ನಂಬಿದವರಿದ್ದಾರೆ. ನಾನು ಚಿಕ್ಕಮ್ಮನ ಫೋನಿನಲ್ಲಿ ಮಾಡಿದ್ದು ಇಷ್ಟೇ. ಕ್ರೋಮ್‌ನ ಮೇಲ್ತುದಿಯ ಮೂರು ಚುಕ್ಕಿ ಒತ್ತಿ ‘ಡೆಸ್ಕ್‌ಟಾಪ್ ಸೈಟ್’ ಎಂಬಲ್ಲಿ ಟಿಕ್ ಹಾಕಿದೆ. ಆಗ ಆ ಕಂಪನಿಗೆ ಇದು ಫೋನಲ್ಲ, ಮೇಜಿನ ಮೇಲಿನ ಕಂಪ್ಯೂಟರ್ ಎಂದು ಅನಿಸುತ್ತದೆ. ಅದೇ ಫೋನು, ಅದೇ ಕ್ರೋಮ್, ಅದೇ ನೆಟ್‌ವರ್ಕ್. ವಿಡಿಯೊ ಕೊನೆಯವರೆಗೂ ಓಡಿತು. ಅಕ್ಷರ ಚಿಕ್ಕದಾಯಿತು, ಅಷ್ಟೆ. ಅಂದ ಮೇಲೆ ಅಡ್ಡ ನಿಂತದ್ದು ಫೋನೂ ಅಲ್ಲ, ಬ್ರೌಸರೂ ಅಲ್ಲ. ಬಂದವರು ಕೈಯಲ್ಲಿ ಮೊಬೈಲ್ ಹಿಡಿದಿದ್ದಾರೆಂದು ಗುರುತಿಸಿ ಬಾಗಿಲು ಹಾಕಿ ಎಂದು ಯಾರೋ ಕೂತು ಬರೆದ ಆಜ್ಞೆ ಅದು.

ಇದು ಹೊಸದಲ್ಲ. ಫೇಸ್‌ಬುಕ್ 2014ರಲ್ಲಿ ತನ್ನ ಆ್ಯಪ್‌ನಿಂದ ಸಂದೇಶಗಳನ್ನು ಕಿತ್ತು ಮೆಸೆಂಜರ್ ಎಂಬ ಇನ್ನೊಂದು ಆ್ಯಪ್‌ಗೆ ಹಾಕಿತು. ಎರಡು ಆ್ಯಪ್ ಬೇಡವೆಂದ ಜನ ಬ್ರೌಸರ್‌ನಲ್ಲೇ ಸಂದೇಶ ಓದಿಕೊಂಡಿದ್ದರು. 2016ರಲ್ಲಿ ಆ ದಾರಿಯೂ ಮುಚ್ಚತೊಡಗಿತು. ನಿಮ್ಮ ಮಾತುಕತೆ ಮೆಸೆಂಜರ್‌ಗೆ ಹೋಗುತ್ತಿದೆ ಎಂಬ ಫಲಕ ಬಂತು. ಎರಡು ವರ್ಷ ಚೆನ್ನಾಗಿ ಓಡುತ್ತಿದ್ದದ್ದು ಒಂದು ಬೆಳಗ್ಗೆ ಓಡಲಿಲ್ಲ. ಇನ್‌ಸ್ಟಾಗ್ರಾಂನ ಕಥೆಯೂ ಹೀಗೆಯೇ. ಕಂಪ್ಯೂಟರಿನ ಬ್ರೌಸರ್‌ನಿಂದ ಒಂದು ಫೋಟೊ ಹಾಕಲು ಅದು ಬಿಟ್ಟದ್ದು 2021ರಲ್ಲಿ, ಹುಟ್ಟಿ ಹನ್ನೊಂದು ವರ್ಷದ ಮೇಲೆ. ಇಂದಿಗೂ ಲಾಗಿನ್ ಇಲ್ಲದೆ ಯಾವುದಾದರೂ ಪುಟ ತೆರೆದು ನೋಡಿ, ನಾಲ್ಕು ಚಿತ್ರ ದಾಟುವಷ್ಟರಲ್ಲಿ ಗೋಡೆ.

ಈಗ ಎಕ್ಸ್ ಎನ್ನುವ ಟ್ವಿಟರ್‌ನದು ಇನ್ನೂ ನೋವಿನ ಸಂಗತಿ, ಯಾಕೆಂದರೆ ಬ್ರೌಸರ್‌ನಲ್ಲಿ ಎಷ್ಟು ಚೆಂದವಾಗಿ ಮಾಡಬಹುದೆಂದು ತೋರಿಸಿಕೊಟ್ಟದ್ದೇ ಅದು. 2017ರ ಏಪ್ರಿಲ್‌ನಲ್ಲಿ ಟ್ವಿಟರ್ ಲೈಟ್ ಬಂತು. ಫೋನಿನಲ್ಲಿ ಒಂದು ಎಂಬಿಗಿಂತ ಕಡಿಮೆ ಜಾಗ, ಡೇಟಾ ಉಳಿಸುವ ಗುಂಡಿ ಒತ್ತಿದರೆ ಖರ್ಚು ಶೇ 70ರವರೆಗೆ ಇಳಿಯುತ್ತಿತ್ತು, ನೆಟ್‌ವರ್ಕ್ ಹೋಗಿ ಬಂದು ಮಾಡುವ ಊರಲ್ಲೂ ತೆರೆಯುತ್ತಿತ್ತು. ನಮ್ಮಂಥ ದೇಶಗಳಿಗಾಗಿಯೇ ಮಾಡಿದ್ದು. ಆರೇ ವರ್ಷದಲ್ಲಿ, 2023ರ ಜೂನ್ ಕೊನೆಗೆ, ಲಾಗಿನ್ ಆಗದವರಿಗೆ ಒಂದು ಟ್ವೀಟೂ ಕಾಣದಂತೆ ಅದೇ ಕಂಪನಿ ಬಾಗಿಲು ಜಡಿಯಿತು. ತಾತ್ಕಾಲಿಕ ಎಂದರು. ಕೆಲವು ದಿನದ ಮೇಲೆ ಬಿಡಿ ಟ್ವೀಟಿನ ಲಿಂಕ್ ತೆರೆಯಿತು, ಆದರೆ ಹುಡುಕುವ ದಾರಿ ಮುಚ್ಚಿಯೇ ಉಳಿಯಿತು.

ಈಗ ನಮ್ಮ ಪಕ್ಕದ ಬೆಂಗಳೂರಿಗೆ ಬರುತ್ತೇನೆ. ‘ಆ್ಯಪ್ ಇದ್ದರೆ ಸಾಕು’ ಎಂಬ ನಂಬಿಕೆಯನ್ನು ಇಡೀ ಜಗತ್ತಿನಲ್ಲಿ ಅತ್ಯಂತ ಗಟ್ಟಿಯಾಗಿ ಪರೀಕ್ಷೆಗೆ ಒಡ್ಡಿದ ಊರುಗಳಲ್ಲಿ ಬೆಂಗಳೂರೂ ಒಂದು, ಮತ್ತು ಆ ಪರೀಕ್ಷೆಯಲ್ಲಿ ನಂಬಿಕೆ ಸೋತಿತು. 2015ರ ಮೊದಲ ತಿಂಗಳುಗಳಲ್ಲಿ ಫ್ಲಿಪ್‌ಕಾರ್ಟ್ ಮತ್ತು ಅದರ ಒಡೆತನದ ಮಿಂತ್ರಾ ತಮ್ಮ ಮೊಬೈಲ್ ಸೈಟುಗಳನ್ನು ಮುಚ್ಚಿದವು. ಫೋನಿನ ಬ್ರೌಸರ್‌ನಲ್ಲಿ ಹೋದರೆ ಆ್ಯಪ್ ಹಾಕಿಕೊಳ್ಳಿ ಎಂಬ ಫಲಕ ಮಾತ್ರ. ಆ ವರ್ಷದ ಮೇ 15ಕ್ಕೆ ಮಿಂತ್ರಾ ಕಂಪ್ಯೂಟರಿನ ವೆಬ್‌ಸೈಟನ್ನೂ ಮುಚ್ಚಿ ಪೂರಾ ಆ್ಯಪ್ ಕಂಪನಿಯಾಯಿತು. ಬಟ್ಟೆ ಎಂಬುದು ಒಬ್ಬೊಬ್ಬರ ಸ್ವಂತ ರುಚಿ, ಅದನ್ನು ಆ್ಯಪ್ ಮಾತ್ರ ಅರಿಯಬಲ್ಲದು ಎಂಬುದು ಆಗ ಹೇಳಿದ ಕಾರಣ. ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಲೇಖನ ಬಂದವು. ಭವಿಷ್ಯ ಬಂತು, ವೆಬ್ ಸತ್ತಿತು ಎಂದರು.

ಆ ಭವಿಷ್ಯ ಹೆಚ್ಚು ಕಾಲ ಬಾಳಲಿಲ್ಲ. 2015ರ ನವೆಂಬರ್‌ಗೇ ಫ್ಲಿಪ್‌ಕಾರ್ಟ್ ‘ಫ್ಲಿಪ್‌ಕಾರ್ಟ್ ಲೈಟ್’ ಎಂದು ಬ್ರೌಸರ್‌ನಲ್ಲೇ ಓಡುವ ಹೊಸ ಮೊಬೈಲ್ ಸೈಟ್ ತೆರೆಯಿತು. ಅದಕ್ಕೆ ಬಂದವರಲ್ಲಿ ಶೇ 63 ಮಂದಿ 2ಜಿ ನೆಟ್‌ವರ್ಕಿನವರು ಎಂದು ಆಮೇಲೆ ಲೆಕ್ಕ ಹೊರಬಿತ್ತು. ಆ ಅಂಕಿಯನ್ನು ನಾನು ಓದಿದಾಗ ತುಂಬ ಹೊತ್ತು ಯೋಚಿಸಿದ್ದೆ. ಆ್ಯಪ್ ಹಾಕಿಕೊಂಡರೆ ಮುಗಿಯಿತಲ್ಲ ಎಂದು ಹೇಳಿದ ಕೊಠಡಿಯಲ್ಲಿ ಈ ಶೇ 63 ಮಂದಿಯ ಪೈಕಿ ಒಬ್ಬರೂ ಕೂತಿರಲಿಲ್ಲ. ಮಿಂತ್ರಾವೂ 2016ರಲ್ಲಿ ಮೊದಲು ಮೊಬೈಲ್ ಸೈಟನ್ನು, ಜೂನ್ 1ಕ್ಕೆ ಕಂಪ್ಯೂಟರ್ ಸೈಟನ್ನು ಮತ್ತೆ ತೆರೆಯಿತು.

ಅಂಗಡಿ ಮತ್ತೆ ಬಾಗಿಲು ತೆರೆಯಿತು, ಸಾಮಾಜಿಕ ಜಾಲತಾಣ ಯಾಕೆ ತೆರೆಯುವುದಿಲ್ಲ? ಕಾರಣ ಸರಳವಾಗಿದೆ. ಒಂದು ಅಂಗಡಿ ಮುಚ್ಚಿದರೆ ಪಕ್ಕದ ಅಂಗಡಿಯಲ್ಲಿ ಅದೇ ಸೀರೆ ಸಿಗುತ್ತದೆ. ಗಿರಾಕಿ ಕೈತಪ್ಪಿದ್ದು ಸಂಜೆಯ ಲೆಕ್ಕದಲ್ಲೇ ಗೊತ್ತಾಗುತ್ತದೆ. ಜಾಲತಾಣದಲ್ಲಿ ಇರುವುದು ಸರಕಲ್ಲ, ನಮ್ಮ ಜನ. ನಮ್ಮೂರ ಹುಡುಗರ ಕಬಡ್ಡಿ ಪಂದ್ಯದ ವಿಡಿಯೊ, ಗೌರಿಬಿದನೂರಿಗೆ ಕೊಟ್ಟ ಮಗಳ ಸೀಮಂತದ ಫೋಟೊ, ಚಿಂತಾಮಣಿಯ ಮಂಡಿಯವರು ಬೆಳಗ್ಗೆ ಹಾಕುವ ಟೊಮೆಟೊ ದರ ಪಕ್ಕದ ಅಂಗಡಿಯಲ್ಲಿ ಸಿಗುವುದಿಲ್ಲ. ಬಾಗಿಲು ಎಷ್ಟು ಇಕ್ಕಟ್ಟು ಮಾಡಿದರೂ ತಲೆ ತಗ್ಗಿಸಿ ನುಗ್ಗಿಯೇ ನುಗ್ಗುತ್ತಾರೆ ಎಂದು ಅವರಿಗೆ ಗೊತ್ತಿದೆ. ನುಗ್ಗಲಾಗದವರು ಅವರ ಲೆಕ್ಕಕ್ಕೇ ಬರುವುದಿಲ್ಲ.

ದುಡ್ಡು ಕೇಳುವುದಿಲ್ಲ ಎಂದರಲ್ಲ ನಮ್ಮ ಬ್ಯಾಂಕಿನ ಗೆಳೆಯರು, ಅವರಿಗೆ ಇದನ್ನು ಹೇಳಬೇಕು. ಬ್ರೌಸರ್ ಎಂಬುದು ಹಟ್ಟಿಯ ಮುಂದಿನ ಜಗುಲಿ. ಬಂದವರು ಅಲ್ಲಿ ಕೂತು ಮಾತಾಡಿ ಎದ್ದು ಹೋಗುತ್ತಾರೆ. ಆ್ಯಪ್ ಎಂಬುದು ಮನೆಯೊಳಗೆ ಬಂದು ಉಳಿಯುವ ನೆಂಟ. ಫೋನಿನಲ್ಲಿರುವ ನಂಬರುಗಳ ಪಟ್ಟಿ ನೋಡಲಾ ಎಂದು ಕೇಳುತ್ತದೆ, ನೀವು ಎಲ್ಲಿದ್ದೀರಿ ಎಂದು ಕೇಳುತ್ತದೆ, ರಾತ್ರಿ ಹನ್ನೊಂದಕ್ಕೆ ಟಿಣ್ ಎಂದು ಎಬ್ಬಿಸುತ್ತದೆ, ಪರದೆ ಆರಿದ ಮೇಲೂ ಹಿಂದುಗಡೆ ಎಚ್ಚರವಾಗಿರುತ್ತದೆ. ಬ್ರೌಸರ್‌ನಲ್ಲಿ ಜಾಹೀರಾತು ತಡೆಯಬಹುದು, ಕುಕಿ ಅಳಿಸಬಹುದು. ಆ್ಯಪ್‌ನ ಒಳಗೆ ಅದಾವುದೂ ನಮ್ಮ ಕೈಯಲ್ಲಿಲ್ಲ.

ಇದು ನನ್ನ ಅನುಮಾನದ ಮಾತಲ್ಲ. 2025ರ ಜೂನ್‌ನಲ್ಲಿ ಸ್ಪೇನ್, ನೆದರ್ಲೆಂಡ್ಸ್, ಬೆಲ್ಜಿಯಂನ ಸಂಶೋಧಕರು ಒಂದು ಸಂಗತಿ ಬಯಲಿಗೆಳೆದರು. ಆಂಡ್ರಾಯ್ಡ್ ಫೋನಿನಲ್ಲಿರುವ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಆ್ಯಪ್‌ಗಳು ಹಿಂದುಗಡೆ ಕಿವಿಯಾನಿಸಿ ಕೂತಿದ್ದವು. ಅದೇ ಫೋನಿನ ಬ್ರೌಸರ್‌ನಲ್ಲಿ ನೀವು ಬೇರೆ ಯಾವುದೋ ವೆಬ್‌ಸೈಟ್ ತೆರೆದಾಗ, ಅಲ್ಲಿ ಇವೆರಡರ ಒಡೆಯ ಮೆಟಾ ಕಂಪನಿಯ ಪಿಕ್ಸೆಲ್ ಎಂಬ ಸಣ್ಣ ತುಣುಕು ಇದ್ದರೆ, ಅದು ಫೋನಿನ ಒಳಗೊಳಗೇ ಈ ಆ್ಯಪ್‌ಗೆ ಸುದ್ದಿ ಮುಟ್ಟಿಸುತ್ತಿತ್ತು. ಆ್ಯಪ್‌ನಲ್ಲಿ ನಿಮ್ಮ ಹೆಸರು ಇದೆಯಲ್ಲ, ಇಂಥವರು ಇಂಥ ಪುಟ ನೋಡಿದರು ಎಂದು ಜೋಡಿಸಿಕೊಳ್ಳುವುದು ಸಲೀಸಾಯಿತು. ಗುಪ್ತ ಕಿಟಕಿಯಲ್ಲಿ ನೋಡಿದರೂ ಬಿಡಲಿಲ್ಲ, ಕುಕಿ ಅಳಿಸಿದರೂ ಬಿಡಲಿಲ್ಲ. 2024ರ ಸೆಪ್ಟೆಂಬರಿನಿಂದ ನಡೆದಿತ್ತು. ಸಂಶೋಧಕರು ಬಾಯಿಬಿಟ್ಟ ಮೇಲೆ ನಿಂತಿತು. ಆ್ಯಪ್ ಹಾಕಿಕೊಳ್ಳದ ಫೋನಿನಲ್ಲಿ ಈ ಕೆಲಸ ಸಾಧ್ಯವೇ ಇರಲಿಲ್ಲ. 2021ರಲ್ಲಿ ಆ್ಯಪಲ್ ಕಂಪನಿ ತನ್ನ ಫೋನುಗಳಲ್ಲಿ ‘ಈ ಆ್ಯಪ್ ನಿಮ್ಮ ಹೆಜ್ಜೆ ಹಿಂಬಾಲಿಸಬಹುದೇ’ ಎಂದು ಬಳಸುವವರನ್ನೇ ಕೇಳುವ ಪದ್ಧತಿ ತಂದಾಗ, ಅದೊಂದು ಪ್ರಶ್ನೆಯಿಂದ 2022ರಲ್ಲಿ ತನಗೆ ಸುಮಾರು ಒಂದು ಸಾವಿರ ಕೋಟಿ ಡಾಲರ್ ಆದಾಯ ಖೋತಾ ಆಗಬಹುದೆಂದು ಮೆಟಾ ತಾನೇ ಹೇಳಿತು. ಚಿಕ್ಕಮ್ಮನ ಫೋನಿಗೆ ಬಂದ ಬಿಳಿ ಪರದೆಯ ಹಿಂದೆ ಎಷ್ಟು ದುಡ್ಡು ನಿಂತಿದೆ ಎಂದು ತಿಳಿಯಲು ಆ ಅಂಕಿ ಸಾಕು.

‘ಆ್ಯಪ್ ಸುರಕ್ಷಿತ’ ಎನ್ನುವವರಿಗೆ ಹಳ್ಳಿಯ ಕಡೆಯಿಂದ ಇನ್ನೂ ಒಂದು ಮಾತಿದೆ, ಇದು ನನಗೆ ಎಲ್ಲಕ್ಕಿಂತ ದೊಡ್ಡದು. ನೋಡಬೇಕಾದರೆ ಹಾಕಿಕೋ, ಓದಬೇಕಾದರೆ ಹಾಕಿಕೋ ಎಂದು ಹತ್ತು ವರ್ಷ ಜನರ ಬೆರಳನ್ನು ಪಳಗಿಸಿದ್ದೀರಿ. ಆ ಪಳಗಿದ ಬೆರಳಿನ ಮೇಲೆಯೇ ಇವತ್ತಿನ ಕಳ್ಳರು ಬದುಕಿದ್ದಾರೆ. ಮದುವೆ ಆಮಂತ್ರಣ ಎಂದು ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ, ಒತ್ತಿದರೆ ಆ್ಯಪ್ ಹಾಕುವ ಎಪಿಕೆ ಫೈಲು. ಪಿಎಂ ಕಿಸಾನ್ ಕಂತು ಎಂದು ಬರುತ್ತದೆ, ವಾಹನದ ದಂಡ ಎಂದು ಬರುತ್ತದೆ, ಒತ್ತಿದರೆ ಅದೇ ಎಪಿಕೆ. ಹಾಕಿಕೊಂಡ ಕೆಲವೇ ಹೊತ್ತಿಗೆ ಒಟಿಪಿ ಅವರ ಕೈಗೆ, ಖಾತೆ ಬರಿದು. ಸಾಲ ಕೊಡುವ ಆ್ಯಪ್‌ಗಳ ನೆನಪು ಇನ್ನೂ ಹಸಿಯಾಗಿದೆ. ಮೂರು ಸಾವಿರ ಸಾಲ ಕೊಟ್ಟು, ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಎತ್ತಿಕೊಂಡು, ಬೀಗರಿಗೆ, ಮೇಷ್ಟ್ರಿಗೆ, ಹೆಂಡತಿಯ ತವರಿಗೆ ಫೋನ್ ಮಾಡಿ ಮಾನ ಕಳೆದವರು. ದೇಶದಲ್ಲಿ ಜೀವಗಳು ಹೋದವು. 2022ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ನಿಯಮ ತಂದು, ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿ, ಕರೆ ದಾಖಲೆ, ಫೋಟೊ ಫೈಲುಗಳಿಗೆ ಕೈಹಾಕಬಾರದೆಂದು ಹೇಳಬೇಕಾಯಿತು. ಬ್ಯಾಂಕಿನವರು, ಪೊಲೀಸರು ಒಂದು ಕಡೆ ಗೊತ್ತಿಲ್ಲದ ಆ್ಯಪ್ ಹಾಕಬೇಡಿ ಎಂದು ಗೋಡೆಗೆ ಪೋಸ್ಟರ್ ಅಂಟಿಸುತ್ತಾರೆ, ಮೋಸವಾದರೆ 1930ಕ್ಕೆ ಫೋನ್ ಮಾಡಿ ಎನ್ನುತ್ತಾರೆ. ಇನ್ನೊಂದು ಕಡೆ ಜಗತ್ತಿನ ಅತಿ ಶ್ರೀಮಂತ ಕಂಪನಿಗಳು ಐದು ನಿಮಿಷದ ವಿಡಿಯೊಗೂ ಇನ್‌ಸ್ಟಾಲ್ ಒತ್ತು ಎಂದು ದಿನಕ್ಕೆ ಹತ್ತು ಸಲ ಕಲಿಸುತ್ತವೆ. ಅರವತ್ತರ ಹೆಂಗಸು ಈ ಇಬ್ಬರಲ್ಲಿ ಯಾರ ಮಾತು ಕೇಳಬೇಕು?

ಇನ್ನು ಎಲ್ಲರ ಹತ್ತಿರವೂ ಫೋನಿದೆ ಎಂಬ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ಶೇ 53.9. ಅದೂ ಬರೀ ಮಾತಿಗೆ ಬರುವ ಫೋನನ್ನೂ ಸೇರಿಸಿ. ಆಮೇಲೆ ಏರಿರಬಹುದು, ಏರಿರಲಿ. ಆದರೂ ಮನೆಗೊಂದೇ ಸ್ಮಾರ್ಟ್‌ಫೋನ್ ಇರುವ ಮನೆಗಳು ನಮ್ಮ ಬೀದಿಯಲ್ಲೇ ಎಷ್ಟೋ ಇವೆ, ಹಗಲೆಲ್ಲ ಅದು ಗಂಡಸಿನ ಜೇಬಿನಲ್ಲಿರುತ್ತದೆ. ಸಂಜೆ ಸಿಕ್ಕ ಅರ್ಧ ಗಂಟೆಯಲ್ಲಿ ಹೆಣ್ಣುಮಗಳೊಬ್ಬಳು ಏನನ್ನೋ ಓದಬೇಕು, ಓದಿ ಮುಚ್ಚಬೇಕು, ಓದಿದ್ದು ಯಾರಿಗೂ ಗೊತ್ತಾಗಬಾರದು. ಅದು ಹೊಲಿಗೆ ತರಬೇತಿಯ ವಿವರ ಇರಬಹುದು, ಹೊಡೆಯುವ ಗಂಡನ ವಿರುದ್ಧ ದೂರು ಎಲ್ಲಿ ಕೊಡಬೇಕು ಎಂಬುದೂ ಇರಬಹುದು. ಬ್ರೌಸರ್ ಅವಳಿಗೆ ಆ ಮರೆ ಕೊಡುತ್ತದೆ. ಗಂಡನ ಹೆಸರಿನಲ್ಲಿ ಲಾಗಿನ್ ಆದ ಆ್ಯಪ್ ಕೊಡುವುದಿಲ್ಲ. ಅವಳು ನೋಡಿದ್ದನ್ನೇ ಮರುದಿನ ಅವನ ಮುಂದೆ ಹರಡುತ್ತದೆ.

‘ಅವರ ಕಂಪನಿ, ಅವರಿಷ್ಟ.’ ಇದು ಮೇಷ್ಟ್ರ ಮಾತು, ಮೂರರಲ್ಲಿ ಗಟ್ಟಿಯಾದದ್ದು ಇದೇ, ಆದ್ದರಿಂದ ನಿಂತು ಉತ್ತರಿಸುತ್ತೇನೆ. ನಮ್ಮ ಕಡೆ ಹೊಲದ ಮೇಲಿನ ಜಗಳಗಳಲ್ಲಿ ಅರ್ಧ ದಾರಿಯ ಜಗಳ. ಗ್ರಾಮ ನಕಾಶೆಯಲ್ಲಿ ಚುಕ್ಕಿ ಗೆರೆಯಿಂದ ತೋರಿಸಿದ್ದು ನಕಾಶೆ ದಾರಿ. ನಕಾಶೆಯಲ್ಲಿ ಇಲ್ಲದಿದ್ದರೂ ಅಜ್ಜನ ಕಾಲದಿಂದ ಬಂಡಿ, ದನ, ಜನ ನಡೆದು ಸವೆದದ್ದು ರೂಢಿ ದಾರಿ. ಹೊಸದಾಗಿ ಜಮೀನು ಕೊಂಡವರು ಕಲ್ಲುಕಂಬ ನೆಟ್ಟು ತಂತಿ ಬಿಗಿದು, ಪಹಣಿ ನನ್ನ ಹೆಸರಲ್ಲಿದೆ, ನನ್ನಿಷ್ಟ ಎನ್ನುತ್ತಾರೆ. ಪಹಣಿ ಅವರದೇ, ಸುಳ್ಳಲ್ಲ. ಆದರೂ ಇಪ್ಪತ್ತು ವರ್ಷ ಬಹಿರಂಗವಾಗಿ, ತಕರಾರಿಲ್ಲದೆ, ಹಕ್ಕೆಂಬಂತೆ ನಡೆದ ದಾರಿಗೆ ಬೇಲಿ ಹಾಕಲಾಗದೆಂದು 1882ರ ಈಸ್‌ಮೆಂಟ್ ಕಾಯ್ದೆಯಿಂದಲೂ ಈ ದೇಶ ಒಪ್ಪಿಕೊಂಡಿದೆ. ಆ ಕಾಯ್ದೆ ನೆಲಕ್ಕೆ ಸಂಬಂಧಿಸಿದ್ದು, ವೆಬ್‌ಗೆ ಅನ್ವಯಿಸುವುದಿಲ್ಲ, ನನಗೆ ಗೊತ್ತು. ಅದರ ಹಿಂದಿರುವ ನ್ಯಾಯಬುದ್ಧಿ ಅನ್ವಯಿಸುತ್ತದೆ ಎಂಬುದು ನನ್ನ ವಾದ. 1993ರ ಏಪ್ರಿಲ್ 30ರಂದು ಜಿನೀವಾದ ಸರ್ನ್ ಸಂಸ್ಥೆ ವೆಬ್ಬಿನ ತಂತ್ರವನ್ನು ಯಾರು ಬೇಕಾದರೂ ಬಳಸಲಿ ಎಂದು ಲೋಕಕ್ಕೆ ಬಿಟ್ಟುಕೊಟ್ಟಿತು. ಲಿಂಕ್ ಒತ್ತಿದರೆ ಪುಟ ತೆರೆಯುತ್ತದೆ ಎಂಬುದು ಅಂದಿನಿಂದ ಮೂವತ್ತು ವರ್ಷಕ್ಕೂ ಮಿಕ್ಕಿ ಸವೆದ ರೂಢಿ ದಾರಿ. ಈ ಕಂಪನಿಗಳೂ ಅದೇ ದಾರಿಯಲ್ಲಿ ನಡೆದು ಬಂದು, ಅದೇ ದಾರಿಯ ಬದಿಯಲ್ಲಿ ಜಾಗ ಹಿಡಿದು, ಅದೇ ದಾರಿಯಿಂದ ಜನರನ್ನು ಕರೆದುಕೊಂಡವು. ಜನ ಸೇರಿದ ಮೇಲೆ ಬೇಲಿ.

ಅದಕ್ಕಿಂತ ಹೆಚ್ಚಾಗಿ, ಅಲ್ಲಿಗೆ ಜನರನ್ನು ತಂದು ಬಿಟ್ಟವರಲ್ಲಿ ನಮ್ಮ ಸರ್ಕಾರವೂ ಇದೆ. ಕರೆಂಟು ಎಷ್ಟು ಗಂಟೆಗೆ ಹೋಗುತ್ತದೆ, ಗುಡುಗು ಸಿಡಿಲಿನ ಎಚ್ಚರಿಕೆ, ಜನಸ್ಪಂದನ ಸಭೆ ಯಾವ ಹೋಬಳಿಯಲ್ಲಿ, ಶಾಲೆಗೆ ರಜೆ ಇದೆಯೋ ಇಲ್ಲವೋ, ಇವೆಲ್ಲ ಈಗ ಇಲಾಖೆಗಳ ಫೇಸ್‌ಬುಕ್, ಎಕ್ಸ್, ಇನ್‌ಸ್ಟಾಗ್ರಾಂ ಪುಟಗಳಲ್ಲಿ ಮೊದಲು ಬರುತ್ತವೆ, ಎಷ್ಟೋ ಸಲ ಅಲ್ಲಿ ಮಾತ್ರ. ಊರಲ್ಲಿ ಹಿಂದೆ ತಮಟೆ ಬಡಿದು ಸಾರುತ್ತಿದ್ದರು. ಆ ಕೆಲಸವನ್ನು ಒಂದು ಜಾತಿಯ ಕೊರಳಿಗೆ ಕಟ್ಟಿದ್ದ ಕ್ರೌರ್ಯ ಹೋಗಿದ್ದು ಒಳ್ಳೆಯದೇ ಆಯಿತು. ಆದರೆ ಸಾರಿದ ಮಾತು ಬೀದಿಯಲ್ಲಿ ನಿಂತ ಎಲ್ಲರ ಕಿವಿಗೂ ಬೀಳುತ್ತಿತ್ತು. ಕೇಳುವ ಮುಂಚೆ ನಿನ್ನ ಹೆಸರೇನು, ಹುಟ್ಟಿದ ತಾರೀಕೇನು, ಫೋನ್ ನಂಬರ್ ಕೊಡು ಎಂದು ಯಾರೂ ಕೇಳುತ್ತಿರಲಿಲ್ಲ. ಸರ್ಕಾರದ ಮಾತು ಕೇಳಲು ಪ್ರಜೆಯೊಬ್ಬ ಅಮೆರಿಕದ ಕಂಪನಿಯೊಂದಕ್ಕೆ ತನ್ನ ಗುರುತು ಬರೆದುಕೊಡಬೇಕು ಎಂದರೆ ಅದು ಖಾಸಗಿ ಕಂಪನಿಯ ಖಾಸಗಿ ವ್ಯವಹಾರ ಹೇಗಾಗುತ್ತದೆ ಮೇಷ್ಟ್ರೇ?

ಬೇರೆ ರೀತಿ ಮಾಡಲು ಬರುವುದಿಲ್ಲವೇ? ಈ ರಾಜ್ಯವೇ ಮಾಡಿ ತೋರಿಸಿದೆ. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಎರಡು ದಶಕದ ಹಿಂದೆಯೇ ಕಂಪ್ಯೂಟರಿಗೆ ಹತ್ತಿಸಿದರು. ಇವತ್ತು ಯಾವ ಫೋನಿನ ಬ್ರೌಸರ್‌ನಲ್ಲಾದರೂ ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್ ಕೊಟ್ಟರೆ ಪಹಣಿಯ ವಿವರ ಕಾಣುತ್ತದೆ. ಕೃಷಿ ಮಾರಾಟ ವಾಹಿನಿಯ ವೆಬ್‌ಸೈಟಿನಲ್ಲಿ ಚಿಂತಾಮಣಿ ಎಪಿಎಂಸಿಯ ದರ ನೋಡಲು ಯಾರ ಅಪ್ಪಣೆಯೂ ಬೇಡ. ಮಳೆಯ ಸಮಾಚಾರಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಇದೆ, ಗುಂಡಿ ಒತ್ತುವ ಸಾದಾ ಫೋನಿನಿಂದ ಕರೆ ಮಾಡಿದರೂ ನಿಮ್ಮ ಹೋಬಳಿಯ ಮುನ್ಸೂಚನೆ ಹೇಳುತ್ತಾರೆ. ಕನ್ನಡ ವಿಕಿಪೀಡಿಯ 2003ರಿಂದ ತೆರೆದೇ ಇದೆ, ಇವತ್ತಿಗೂ ಆ್ಯಪ್ ಹಾಕಿಕೋ ಎಂದು ಯಾರ ಕೊರಳಪಟ್ಟಿಯನ್ನೂ ಹಿಡಿದಿಲ್ಲ. ಇವಾವೂ ಕುಂದಿಲ್ಲದವಲ್ಲ. ಸರ್ವರ್ ಬೀಳುತ್ತದೆ, ಅಕ್ಷರ ಒಡೆಯುತ್ತದೆ. ಆದರೂ ಬಾಗಿಲಲ್ಲಿ ಕಾವಲುಗಾರ ಇಲ್ಲ.

ಕನ್ನಡದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕಳೆದ ಹದಿನೈದು ವರ್ಷದಲ್ಲಿ ಕನ್ನಡದಲ್ಲಿ ನಡೆದ ಒಳ್ಳೆಯ ಚರ್ಚೆಗಳು, ಊರಿನ ಇತಿಹಾಸದ ಬರಹ, ನಂದಿಯ ಭೋಗನಂದೀಶ್ವರನ ಗುಡಿಯ ಶಾಸನಗಳ ಫೋಟೊ, ಹಳೆಯ ಕೆರೆಗಳ ಬಗ್ಗೆ ತಿಳಿದವರು ಬರೆದ ಪುಟ್ಟ ಪುಟ್ಟ ಟಿಪ್ಪಣಿ, ಬಹುಪಾಲು ಫೇಸ್‌ಬುಕ್ ಗೋಡೆಗಳ ಮೇಲಿವೆ. ಬರೆದವರು ಎಲ್ಲರೂ ಓದಲಿ ಎಂದೇ ಬರೆದರು. ಗೂಗಲ್‌ನಲ್ಲಿ ಹುಡುಕಿದರೆ ಅವು ಸಿಗುವುದು ಅಪರೂಪ, ಲಿಂಕ್ ಇಟ್ಟುಕೊಂಡವರಿಗೂ ಲಾಗಿನ್ ಪರದೆ. ಬರೆದ ಹಿರಿಯರಲ್ಲಿ ಕೆಲವರು ಈಗಿಲ್ಲ. ಇಂಗ್ಲಿಷಿಗೆ ಇದೊಂದು ಹನಿ ನಷ್ಟ ಇರಬಹುದು, ನಮಗೆ ಕೊಡವೇ ಹೋದ ಹಾಗೆ.

ದಿನವೂ ಬಳಸುವವರು ಆ್ಯಪ್ ಹಾಕಿಕೊಳ್ಳಲಿ, ನಾನು ಬೇಡ ಎನ್ನುವುದಿಲ್ಲ. ದಿನ ಬಳಸುವವರಿಗೆ ಅದು ವೇಗ, ಅನುಕೂಲ, ಒಪ್ಪುತ್ತೇನೆ. ನನ್ನ ತಕರಾರು ಇನ್ನೊಂದು ಬಾಗಿಲನ್ನು ಬೇಕೆಂದೇ ಕೆಡಿಸುವುದರ ಮೇಲೆ. ಆಯ್ಕೆ ನಿಮ್ಮದು ಎಂದು ಹೇಳಿ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿದರೆ ಅದು ಆಯ್ಕೆಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಎಂಬುದು ಮುಕ್ತವಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು ಎನ್ನುತ್ತದೆ. ದಾರಿ ಅಡ್ಡಗಟ್ಟಿ ಪಡೆದ ಒಪ್ಪಿಗೆ ಆ ಮಾತಿಗೆ ಹೇಗೆ ಸರಿಹೊಂದುತ್ತದೆಂದು ಯಾರಾದರೂ ನ್ಯಾಯಾಲಯದಲ್ಲಿ ಕೇಳಬೇಕು.

ಇದೆಲ್ಲ ಆಗುವ ಮಾತಲ್ಲ, ಅಷ್ಟು ದೊಡ್ಡ ಕಂಪನಿಗಳ ಮುಂದೆ ನಾವೇನು ಎಂದು ಹೂವಿನ ಗೆಳೆಯರು ಕೈಚೆಲ್ಲಿದರು. 2015ರಲ್ಲೂ ಹೀಗೇ ಅಂದಿದ್ದರು. ಬಡವರಿಗೆ ಉಚಿತ ಇಂಟರ್ನೆಟ್ ಎಂದು ಫೇಸ್‌ಬುಕ್ ಫ್ರೀ ಬೇಸಿಕ್ಸ್ ತಂದಿತು, ಪುಟಗಟ್ಟಲೆ ಜಾಹೀರಾತು ಹಾಕಿತು. ಅದರಲ್ಲಿ ಕಾಣುತ್ತಿದ್ದದ್ದು ಅವರು ಆರಿಸಿದ ಕೆಲವು ಸೈಟುಗಳು ಮಾತ್ರ. ಉಚಿತವಾಗಿ ಕೊಟ್ಟರೆ ತಪ್ಪೇನು ಎಂದು ಆಗಲೂ ಬುದ್ಧಿವಂತರು ಕೇಳಿದರು. ಆದರೂ ನೆಟ್ ಎಲ್ಲರಿಗೂ ಸಮನಾಗಿರಲಿ ಎಂದು ಹತ್ತು ಲಕ್ಷಕ್ಕೂ ಮಿಕ್ಕಿ ಇಮೇಲ್‌ಗಳು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಹೋದವು. 2016ರ ಫೆಬ್ರುವರಿ 8ರಂದು ಟ್ರಾಯ್ ಒಂದೊಂದು ಸೈಟಿಗೆ ಒಂದೊಂದು ದರ ಕೂಡದೆಂದು ಆದೇಶ ಹೊರಡಿಸಿತು. ಫ್ರೀ ಬೇಸಿಕ್ಸ್ ಗಂಟುಮೂಟೆ ಕಟ್ಟಿತು. ಆ ಸಲ ಅಷ್ಟು ಜನ ಎದ್ದು ನಿಂತ ದೇಶ ಇದೇ.

ಜಿಲ್ಲಾಡಳಿತದಿಂದ ಶುರುವಾಗಲಿ ಎಂದು ನಾನು ಕೇಳುತ್ತಿದ್ದೇನೆ. ಇಲಾಖೆಯ ಯಾವ ಪ್ರಕಟಣೆಯೇ ಆದರೂ ಮೊದಲು ಸರ್ಕಾರದ ವೆಬ್‌ಸೈಟಿನಲ್ಲಿ, ಓದಬಹುದಾದ ಯೂನಿಕೋಡ್ ಕನ್ನಡ ಅಕ್ಷರದಲ್ಲಿ, ಲಾಗಿನ್ ಇಲ್ಲದೆ ಬರಬೇಕು. ಆಮೇಲೆ ಅದರ ಲಿಂಕನ್ನು ಫೇಸ್‌ಬುಕ್‌ನಲ್ಲಾದರೂ ಹಾಕಲಿ, ಎಲ್ಲಿಯಾದರೂ ಹಾಕಲಿ. ಬೇಸಾಯದ, ರೇಷ್ಮೆಯ, ಪಶುವೈದ್ಯದ ವಿಡಿಯೊಗಳಿಗೂ ಇದೇ ಆಗಬೇಕು. ಪಂಚಾಯಿತಿಯ ನೋಟಿಸ್ ಬೋರ್ಡಿಗೆ ಅಂಟಿಸಿದ ಹಾಳೆಯನ್ನು ಯಾರಾದರೂ ಹೋಗಿ ಓದಬಹುದಲ್ಲ, ಅಷ್ಟು ಸಾಕು.

ಚಿಕ್ಕಮ್ಮನ ಆ ಬೆಳೆ ಪೂರಾ ಕೈಬಿಡಲಿಲ್ಲ. ವಿಡಿಯೊದಲ್ಲಿ ಹೇಳಿದಂತೆ ರೋಗದ ಹುಳುಗಳನ್ನು ಆರಿಸಿ ತೆಗೆದು ಸುಟ್ಟೆವು, ಹಾಸಿಗೆ ಬದಲಿಸಿದೆವು. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು, ಎಂದಿನದಕ್ಕಿಂತ ತೂಕ ಕಡಿಮೆ. ಹೊರಡುವ ಮುಂಚೆ ಮೂರು ಚುಕ್ಕಿ ಎಲ್ಲಿದೆ, ಟಿಕ್ ಎಲ್ಲಿ ಹಾಕಬೇಕು ಎಂದು ಅವಳಿಗೆ ಮೂರು ಸಲ ತೋರಿಸಿಕೊಟ್ಟಿದ್ದೆ. ಕಲಿತಳು, ಪಕ್ಕದ ಮನೆಯವರಿಗೂ ಕಲಿಸಿದಳು. ಮುಂದಿನ ಚಾಕಿ ತಂದ ವಾರ ಬೆಳಗ್ಗೆಯೇ ಫೋನ್ ಮಾಡಿದಳು.

‘ನೀನು ಏಳಿಕೊಟ್ಟಂಗೇ ಟಿಕ್ ಆಕಿದೀನಪ್ಪ. ಆದ್ರೂ ಬತ್ತಾ ಇಲ್ಲ. ಆ ಬಿಳೀದು ಮತ್ತೆ ಎದ್ದು ಕೂತದೆ.’